ಆವಿಯಾಗಿ ಹೋಗುವ ದುಡ್ಡು: ಒಳಾಂಗಣ ಈಜುಕೊಳದ ತಪ್ಪು ಕಲ್ಪನೆಗಳು ಮತ್ತು ಸತ್ಯ

ಈಜುಕೊಳಕ್ಕೆ ಚಾವಣಿ ಹೊದಿಸಿ ನಾಲ್ಕು ಗೋಡೆ ಎಬ್ಬಿಸಿದ ಕೂಡಲೇ ಅದರ ಲೆಕ್ಕಾಚಾರವೇ ಬದಲಾಗುತ್ತದೆ. ಬಯಲಿನ ಕೊಳದಿಂದ ಎದ್ದ ಆವಿ ಗಾಳಿಯಲ್ಲಿ ಬೆರೆತು ಹೋಗುತ್ತದೆ. ಒಳಾಂಗಣದಲ್ಲಿ ಅದಕ್ಕೆ ದಾರಿಯಿಲ್ಲ. ಗಾಜಿನ ಮೇಲೆ ಹನಿಯಾಗಿ ಇಳಿಯುತ್ತದೆ, ಚಾವಣಿಯ ಉಕ್ಕನ್ನು ತಿನ್ನುತ್ತದೆ, ಗೋಡೆಯ ಮೂಲೆಗಳಲ್ಲಿ ಬೂಷ್ಟು ಹಿಡಿಸುತ್ತದೆ. ಇದನ್ನು ತಡೆಯಲು ಶಾಲೆ, ಹೋಟೆಲ್, ಅಪಾರ್ಟ್‌ಮೆಂಟ್‌ಗಳ ಆಡಳಿತದವರು ತಮಗೆ ತೋಚಿದ ಉಪಾಯ ಮಾಡುತ್ತಾರೆ. ಅವುಗಳಲ್ಲಿ ಹಲವು ಕರೆಂಟ್ ಬಿಲ್ಲನ್ನೂ ಏರಿಸುತ್ತವೆ, ಕಟ್ಟಡವನ್ನೂ ಹಾಳುಮಾಡುತ್ತವೆ, ಈಜಲು ಬಂದ ಮಕ್ಕಳ ಉಸಿರಿಗೂ ತೊಂದರೆ ಕೊಡುತ್ತವೆ. ಹೀಗೆ ಬೇರೂರಿರುವ ಏಳು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಬಿಸಿಲು, ಗಾಳಿ ತಾಗದ ಒಳಾಂಗಣ ಕೊಳದಲ್ಲಿ ನೀರು ಅಷ್ಟಾಗಿ ಆವಿಯಾಗುವುದಿಲ್ಲ

ಸತ್ಯ: ಆವಿಯಾಗಲು ಬಿಸಿಲೇ ಬೇಕೆಂದಿಲ್ಲ. ನೀರಿನ ಮೇಲ್ಮೈಯಲ್ಲಿರುವ ಆವಿಯ ಒತ್ತಡ ಮೇಲಿನ ಗಾಳಿಯಲ್ಲಿರುವುದಕ್ಕಿಂತ ಹೆಚ್ಚಿದ್ದರೆ ಸಾಕು, ಹಗಲು ರಾತ್ರಿ ಎನ್ನದೆ ನೀರು ಆವಿಯಾಗುತ್ತಲೇ ಇರುತ್ತದೆ. 25 ಮೀಟರ್ ಉದ್ದ, 12.5 ಮೀಟರ್ ಅಗಲದ ಒಂದು ಕೊಳವನ್ನು ತೆಗೆದುಕೊಳ್ಳಿ. ನೀರು 28 ಡಿಗ್ರಿ ಸೆಲ್ಸಿಯಸ್, ಗಾಳಿ 30 ಡಿಗ್ರಿ, ಸಾಪೇಕ್ಷ ತೇವಾಂಶ ಶೇ 60 ಇರಲಿ. ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕದ ಸಂಸ್ಥೆ ಆಶ್ರೇ ಕೊಟ್ಟಿರುವ ಸೂತ್ರದ ಪ್ರಕಾರ, ಜನ ಈಜುತ್ತಿರುವಾಗ ಈ ಕೊಳದಿಂದ ಗಂಟೆಗೆ ಸುಮಾರು 55 ಲೀಟರ್ ನೀರು ಗಾಳಿಗೆ ಸೇರುತ್ತದೆ. ಕೊಳದಲ್ಲಿ ಯಾರೂ ಇಲ್ಲದಾಗ ಅದರ ಅರ್ಧ. ದಿನಕ್ಕೆ 12 ಗಂಟೆ ಬಳಕೆ ಎಂದುಕೊಂಡರೆ ಒಟ್ಟು ಸುಮಾರು 1,000 ಲೀಟರ್.

ನೀರು ಹೋದರೆ ಮತ್ತೆ ತುಂಬಿಸಬಹುದು, ಆದರೆ ಅದರ ಜೊತೆ ಶಾಖವೂ ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ಶಾಖ ಬೇಕು. ಅಷ್ಟೇ ನೀರನ್ನು 28 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಬೇಕಾದುದಕ್ಕಿಂತ ಇದು ಎಂಟು ಪಟ್ಟು. ಬೇಸಿಗೆಯಲ್ಲಿ ಮಣ್ಣಿನ ಮಡಕೆ ತನ್ನ ಮೈಯಿಂದ ಆವಿ ಬಿಟ್ಟು ಒಳಗಿನ ನೀರನ್ನು ತಂಪಾಗಿಸುವುದೂ ಇದೇ ಕಾರಣಕ್ಕೆ. ಕೊಳವೂ ತನ್ನ ಶಾಖವನ್ನೇ ಕೊಟ್ಟು ಆವಿಯನ್ನು ಕಳಿಸುತ್ತದೆ. ಬಿಸಿನೀರಿನ ಕೊಳ ಕಳೆದುಕೊಳ್ಳುವ ಶಾಖದಲ್ಲಿ ಸುಮಾರು ಶೇ 70 ಭಾಗ ಈ ದಾರಿಯಲ್ಲೇ ಹೋಗುತ್ತದೆ ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ನಮ್ಮ ಉದಾಹರಣೆಯ ಕೊಳದಲ್ಲಿ ಅದು ದಿನಕ್ಕೆ 680 ಯೂನಿಟ್‌ನಷ್ಟು ಶಾಖ.

ತಪ್ಪು ಕಲ್ಪನೆ 2: ಸೆಕೆಯಾಗುತ್ತಿದ್ದರೆ ಎಸಿ ಹಾಕಿ ಹಾಲ್ ತಂಪು ಮಾಡಿದರಾಯಿತು

ಸತ್ಯ: ಇದು ಎಲ್ಲಕ್ಕಿಂತ ದುಬಾರಿಯಾದ ತಪ್ಪು. ಗಾಳಿ ತಣ್ಣಗಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆವಿ ಕಡಿಮೆ. ಹಾಗಾಗಿ ಅದೇ ಶೇ 60 ತೇವಾಂಶದಲ್ಲೂ ನೀರಿಗೂ ಗಾಳಿಗೂ ನಡುವಿನ ಒತ್ತಡದ ಅಂತರ ಹಿಗ್ಗುತ್ತದೆ. ಮೇಲಿನ ಕೊಳದಲ್ಲಿ ಗಾಳಿಯನ್ನು 30ರಿಂದ 26 ಡಿಗ್ರಿಗೆ ಇಳಿಸಿದರೆ ಆವಿ ಗಂಟೆಗೆ 55ರಿಂದ ಸುಮಾರು 79 ಲೀಟರಿಗೆ ಏರುತ್ತದೆ. 24 ಡಿಗ್ರಿಗೆ ಇಳಿಸಿದರೆ ಸುಮಾರು 90 ಲೀಟರ್. ಒಂದು ಕಡೆ ನೀರನ್ನು ಕಾಯಿಸುವ ಹೀಟರ್, ಇನ್ನೊಂದು ಕಡೆ ಗಾಳಿಯನ್ನು ತಣಿಸುವ ಎಸಿ, ಎರಡೂ ಪರಸ್ಪರ ವಿರುದ್ಧ ದುಡಿಯುತ್ತವೆ. ಎರಡಕ್ಕೂ ದುಡ್ಡು ಕಟ್ಟಬೇಕು.

ಸರಿಯಾದ ನಿಯಮ ಸರಳ. ಗಾಳಿಯ ಉಷ್ಣತೆ ನೀರಿಗಿಂತ 1ರಿಂದ 2 ಡಿಗ್ರಿ ಹೆಚ್ಚಿರಬೇಕು, ಸಾಮಾನ್ಯವಾಗಿ 30 ಡಿಗ್ರಿ ದಾಟಬಾರದು. ಇಷ್ಟಿದ್ದರೆ ನೀರಿನಿಂದ ಹೊರಬಂದ ಈಜುಗಾರನಿಗೂ ಚಳಿಯಾಗದು. ಒದ್ದೆ ಮೈಯಿಂದಲೂ ನೀರು ಆವಿಯಾಗುತ್ತಿರುತ್ತದೆ, ಅದಕ್ಕೆ ಶಾಖ ಹೋಗುವುದು ಅವನ ದೇಹದಿಂದಲೇ. ದಡದಲ್ಲಿ ನಿಂತ ತರಬೇತುದಾರರಿಗೂ ಗ್ಯಾಲರಿಯಲ್ಲಿ ಕೂತ ಪೋಷಕರಿಗೂ ಸೆಕೆ ಅನ್ನಿಸಬಹುದು. ಅವರ ಕಡೆಗಷ್ಟೇ ಪ್ರತ್ಯೇಕವಾಗಿ ತಂಪು ಗಾಳಿ ಹಾಯಿಸಬೇಕೇ ಹೊರತು ಇಡೀ ಹಾಲನ್ನು ತಣಿಸುವುದಲ್ಲ.

ನೀರಿನ ಬಿಸಿಗೂ ಮಿತಿ ಬೇಕು. ಸ್ಪರ್ಧೆಯ ಕೊಳಗಳಿಗೆ ಅಂತರರಾಷ್ಟ್ರೀಯ ನಿಯಮ ಹೇಳುವುದು 25ರಿಂದ 28 ಡಿಗ್ರಿ. ಗಾಳಿಯನ್ನು 30ರಲ್ಲೇ ಬಿಟ್ಟು ನೀರನ್ನು 28ರಿಂದ 30ಕ್ಕೆ ಏರಿಸಿದರೆ ಆವಿ ಶೇ 38ರಷ್ಟು ಹೆಚ್ಚುತ್ತದೆ. ಚಿಕಿತ್ಸೆಗೆ, ಎಳೆಯ ಮಕ್ಕಳಿಗೆ ಹೆಚ್ಚು ಬೆಚ್ಚಗಿನ ನೀರು ಬೇಕಾದರೆ ಅದಕ್ಕೊಂದು ಚಿಕ್ಕ ಕೊಳ ಬೇರೆಯೇ ಇರುವುದು ಒಳ್ಳೆಯದು.

ತಪ್ಪು ಕಲ್ಪನೆ 3: ಹಾಲಿನ ಗಾಳಿ ಎಷ್ಟು ಒಣಗಿದ್ದರೆ ಅಷ್ಟು ಒಳ್ಳೆಯದು

ಸತ್ಯ: ಒಣ ಗಾಳಿ ನೀರನ್ನು ಇನ್ನಷ್ಟು ಬೇಗ ಹೀರುತ್ತದೆ. ಅದೇ 30 ಡಿಗ್ರಿಯಲ್ಲಿ ತೇವಾಂಶವನ್ನು ಶೇ 60ರಿಂದ 40ಕ್ಕೆ ಇಳಿಸಿದರೆ ಆವಿಯ ಪ್ರಮಾಣ ಸುಮಾರು ಶೇ 70ರಷ್ಟು ಏರುತ್ತದೆ. ತೇವವನ್ನು ಯಂತ್ರ ತೆಗೆದಷ್ಟೂ ಕೊಳ ಕೊಡುತ್ತಲೇ ಹೋಗುತ್ತದೆ. ಹಾಗೆಂದು ತೇವಾಂಶ ಶೇ 60 ದಾಟಿ ಏರಿದರೆ ಉಸಿರು ಕಟ್ಟಿದಂತಾಗುತ್ತದೆ, ಗೋಡೆ ಬೆವರುತ್ತದೆ. ಆದ್ದರಿಂದಲೇ ಆಶ್ರೇ ಶೇ 50ರಿಂದ 60ರ ನಡುವೆ ಇಡಿ ಎನ್ನುತ್ತದೆ.

ಆ ಮೇಲಿನ ಮಿತಿಯನ್ನು ನಿರ್ಧರಿಸುವುದು ಕಟ್ಟಡದ ಅತ್ಯಂತ ತಣ್ಣನೆಯ ಮೇಲ್ಮೈ. 30 ಡಿಗ್ರಿ, ಶೇ 60 ತೇವಾಂಶದ ಗಾಳಿಯ ಇಬ್ಬನಿ ಬಿಂದು ಸುಮಾರು 21 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈ ತಾಗಿದರೂ ಆ ಗಾಳಿ ನೀರು ಬಿಡುತ್ತದೆ. ಬೆಂಗಳೂರಿನ ಜನವರಿಯ ಮುಂಜಾವಿನಲ್ಲಿ ಹೊರಗೆ 15–16 ಡಿಗ್ರಿ ಇರುತ್ತದೆ. ಒಂಟಿ ಗಾಜಿನ ಕಿಟಕಿಯಾದರೆ ನೀರಿಳಿಯದೆ ಇರಲಾರದು. ಎರಡು ಪದರದ ಗಾಜು, ಚೌಕಟ್ಟಿಗೆ ಶಾಖ ತಡೆ, ಚಾವಣಿಗೆ ನಿರೋಧಕ ಪದರ ಮತ್ತು ಅದರ ಬೆಚ್ಚಗಿನ ಒಳಮೈಯಲ್ಲಿ ಆವಿ ದಾಟದಂಥ ಹಾಳೆ ಇದ್ದರೆ ಮೇಲ್ಮೈ ಬೆಚ್ಚಗಿರುತ್ತದೆ, ಹನಿ ಕಟ್ಟುವುದಿಲ್ಲ. ಜರ್ಮನಿಯ ಲ್ಯೂನೆನ್‌ನಲ್ಲಿ 2011ರಲ್ಲಿ ತೆರೆದ ಲಿಪ್ಪೆ-ಬಾದ್ ಈಜುಕೊಳವನ್ನು ಕಟ್ಟಿದ್ದು ಈ ತತ್ವದ ಮೇಲೆಯೇ. ಗೋಡೆ, ಗಾಜು ಬೆಚ್ಚಗಿರುವುದರಿಂದ ಹಾಲಿನ ತೇವಾಂಶವನ್ನು ಸ್ವಲ್ಪ ಹೆಚ್ಚಿಗೇ ಇಡಬಹುದು. ತೇವಾಂಶ ಹೆಚ್ಚಿದ್ದರೆ ಆವಿ ಕಡಿಮೆ, ಆವಿ ಕಡಿಮೆಯಾದರೆ ಖರ್ಚೂ ಕಡಿಮೆ. ಇಂಗ್ಲೆಂಡಿನ ಎಕ್ಸಿಟರ್ ನಗರವೂ 2022ರಲ್ಲಿ, ಪ್ಯಾಸಿವ್‌ಹೌಸ್ ಎಂದು ಕರೆಯುವ ಇದೇ ಮಾದರಿಯ ಈಜುಕೊಳ ತೆರೆಯಿತು.

ತಪ್ಪು ಕಲ್ಪನೆ 4: ನಾಲ್ಕು ಎಕ್ಸಾಸ್ಟ್ ಫ್ಯಾನ್ ಹಾಕಿ ಕಿಟಕಿ ತೆರೆದರೆ ಸಾಕು

ಸತ್ಯ: ಊರು ಯಾವುದು, ತಿಂಗಳು ಯಾವುದು ಎಂಬುದರ ಮೇಲೆ ಇದಕ್ಕೆ ಉತ್ತರವಿದೆ. ಹೊರಗಾಳಿಯ ಇಬ್ಬನಿ ಬಿಂದು ಒಳಗಿನದಕ್ಕಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ಹೊರಗಾಳಿ ಒಳಗಿನ ತೇವವನ್ನು ಒಯ್ಯಬಲ್ಲದು. ಜನವರಿ, ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹೊರಗಿನ ಇಬ್ಬನಿ ಬಿಂದು ಸಾಮಾನ್ಯವಾಗಿ 15 ಡಿಗ್ರಿಗಿಂತ ಕೆಳಗಿರುತ್ತದೆ. ಆಗ ಹೊರಗಾಳಿ ಒಳ್ಳೆಯ, ಅಗ್ಗದ ಸಾಧನ. ಆದರೆ ಬರುವ ಗಾಳಿಯನ್ನು ಕಾಯಿಸಬೇಕು. ಹೊರಹೋಗುವ ಬೆಚ್ಚನೆ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ತಗಡಿನ ವಿನಿಮಯಕ ಇದ್ದರೆ ಆ ಖರ್ಚಿನ ದೊಡ್ಡ ಪಾಲು ಉಳಿಯುತ್ತದೆ. ವಿನಿಮಯಕವಿಲ್ಲದ ಬರಿಯ ಎಕ್ಸಾಸ್ಟ್ ಫ್ಯಾನ್ ಅಂದರೆ ಕಾಯಿಸಿದ ಗಾಳಿಯನ್ನು ಬೀದಿಗೆ ಸುರಿದಂತೆ.

ಮಂಗಳೂರಿನ ಜುಲೈ ಹಾಗಲ್ಲ. ಮಳೆಗಾಲದಲ್ಲಿ ಅಲ್ಲಿನ ಹೊರಗಾಳಿಯ ಇಬ್ಬನಿ ಬಿಂದು 23–24 ಡಿಗ್ರಿಯ ಆಸುಪಾಸು, ಕೊಳದ ಹಾಲಿನದಕ್ಕಿಂತಲೂ ಮೇಲೆ. ಆಗ ಕಿಟಕಿ ತೆರೆದರೆ ತೇವ ಒಳಗೇ ಬರುತ್ತದೆ. ಕರಾವಳಿಯಲ್ಲಿ ಮಳೆಗಾಲದುದ್ದಕ್ಕೂ ಯಂತ್ರದಿಂದಲೇ ತೇವ ತೆಗೆಯುವುದು ಅನಿವಾರ್ಯ. ಜರ್ಮನಿಗೆ ಹೊಂದುವ ವಿನ್ಯಾಸವನ್ನು ಹಾಗೇ ತಂದು ಮಂಗಳೂರಿನ ಪಣಂಬೂರಿನಲ್ಲಿ ಕೂರಿಸಿದರೆ ಕೆಲಸ ಮಾಡುವುದಿಲ್ಲ. ಬೆಂಗಳೂರಿಗೆ ಮಾಡಿದ ವಿನ್ಯಾಸವೂ ಅಲ್ಲಿಗೆ ಹೊಂದುವುದಿಲ್ಲ.

ತಪ್ಪು ಕಲ್ಪನೆ 5: ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಬರೀ ಕರೆಂಟ್ ತಿನ್ನುವ ಯಂತ್ರ, ಮಾಮೂಲಿ ಎಸಿಯೇ ಆ ಕೆಲಸ ಮಾಡುತ್ತದೆ

ಸತ್ಯ: ಎರಡೂ ಗಾಳಿಯನ್ನು ತಣ್ಣನೆಯ ಕಾಯಿಲ್ ಮೇಲೆ ಹಾಯಿಸಿ ನೀರಿಳಿಸುತ್ತವೆ ನಿಜ. ವ್ಯತ್ಯಾಸ ಇರುವುದು ಆಮೇಲಿನ ಕೆಲಸದಲ್ಲಿ. ಆವಿ ಮತ್ತೆ ನೀರಾಗುವಾಗ, ಕೊಳದಿಂದ ತಂದಿದ್ದ ಶಾಖವನ್ನೆಲ್ಲ ಕಾಯಿಲ್‌ಗೆ ಬಿಟ್ಟುಕೊಡುತ್ತದೆ. ಮಾಮೂಲಿ ಎಸಿ ಅದನ್ನು ಹೊರಗಿನ ಘಟಕದ ಮೂಲಕ ಬೀದಿಗೆ ಎಸೆಯುತ್ತದೆ. ಈಜುಕೊಳಕ್ಕೆಂದೇ ಮಾಡಿದ ಹೀಟ್ ಪಂಪ್ ಡಿಹ್ಯುಮಿಡಿಫೈಯರ್ ಆ ಶಾಖಕ್ಕೆ ಕಂಪ್ರೆಸರಿನ ಶಾಖವನ್ನೂ ಸೇರಿಸಿ ಮೊದಲು ಹಾಲಿನ ಗಾಳಿಗೆ, ಉಳಿದುದನ್ನು ಕೊಳದ ನೀರಿಗೆ ಮರಳಿಸುತ್ತದೆ. ಬಳಸಿದ ಒಂದೊಂದು ಯೂನಿಟ್ ವಿದ್ಯುತ್ತಿಗೆ ಮೂರು ನಾಲ್ಕು ಯೂನಿಟ್ ಶಾಖ ಸಾಗಿಸುವುದು ಇದಕ್ಕೆ ಸಾಧ್ಯ. ಬೇಸಿಗೆಯಲ್ಲಿ ಗಾಳಿಗೂ ನೀರಿಗೂ ಶಾಖ ಬೇಡವಾದಾಗ ಮಾತ್ರ ಹೆಚ್ಚಾದುದು ಹೊರಗೆ ಹೋಗುತ್ತದೆ.

ಇನ್ನೊಂದು ವಿಷಯ ಬಾಳಿಕೆಯದು. ಕ್ಲೋರಿನ್ ಬೆರೆತ ತೇವದ ಗಾಳಿಯಲ್ಲಿ ಮಾಮೂಲಿ ಎಸಿಯ ತಾಮ್ರದ ಕೊಳವೆ, ಅಲ್ಯೂಮಿನಿಯಂ ರೆಕ್ಕೆಗಳು ಬೇಗ ಸವೆಯುತ್ತವೆ. ಈಜುಕೊಳದ ಯಂತ್ರಗಳಲ್ಲಿ ಕಾಯಿಲ್‌ಗೆ ರಕ್ಷಣಾ ಲೇಪನ ಇರುತ್ತದೆ. ಖರೀದಿಸುವಾಗ ಇದನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ತಪ್ಪು ಕಲ್ಪನೆ 6: ಕ್ಲೋರಿನ್ ಘಾಟು ಬಂದರೆ ನೀರು ಚೊಕ್ಕಟವಾಗಿದೆ ಎಂದರ್ಥ

ಸತ್ಯ: ಚೊಕ್ಕಟವಾದ ಕೊಳಕ್ಕೆ ಘಾಟು ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಬೆವರು, ಮೂತ್ರ, ಮೈಗೆ ಹಚ್ಚಿದ ಎಣ್ಣೆ, ಕ್ರೀಮುಗಳ ಜೊತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್‌ಗಳು ಹುಟ್ಟುತ್ತವೆ. ಅವುಗಳಲ್ಲಿ ಟ್ರೈಕ್ಲೋರಮೈನ್ ಎಂಬುದು ಸುಲಭವಾಗಿ ಗಾಳಿಗೆ ಸೇರಿ ಕಣ್ಣು ಉರಿಸುತ್ತದೆ, ಗಂಟಲು ಕೆರೆಸುತ್ತದೆ, ಕೆಮ್ಮು ತರಿಸುತ್ತದೆ. ಗಾಳಿಗಿಂತ ಭಾರವಾದ್ದರಿಂದ ಅದು ನೀರಿನ ಮೇಲ್ಮೈಗೆ ಸಮೀಪವೇ ನಿಲ್ಲುತ್ತದೆ, ಅಂದರೆ ಈಜುಗಾರ ಉಸಿರೆಳೆಯುವ ಎತ್ತರದಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ಒಳಾಂಗಣ ಕೊಳದ ಗಾಳಿಯಲ್ಲಿ ಇದಕ್ಕೆ ಸೂಚಿಸಿರುವ ತಾತ್ಕಾಲಿಕ ಮಿತಿ ಘನ ಮೀಟರಿಗೆ 0.5 ಮಿಲಿಗ್ರಾಂ.

ಶಕ್ತಿ ಉಳಿಸುವ ಉತ್ಸಾಹ ಅಪಾಯಕ್ಕೆ ತಿರುಗುವುದು ಇಲ್ಲೇ. ತೇವವನ್ನು ಯಂತ್ರ ತೆಗೆಯುತ್ತದಲ್ಲ, ಹೊರಗಾಳಿ ಏಕೆ ಎಂದು ಕೆಲವರು ಅದನ್ನು ಪೂರ್ತಿ ಮುಚ್ಚಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತಾರೆ. ಡಿಹ್ಯುಮಿಡಿಫೈಯರ್ ನೀರನ್ನು ಇಳಿಸುತ್ತದೆಯೇ ಹೊರತು ಟ್ರೈಕ್ಲೋರಮೈನನ್ನು ಹೊರಹಾಕುವುದಿಲ್ಲ. ಜನ ಈಜುತ್ತಿರುವಾಗ ಕೊಳ ಮತ್ತು ಒದ್ದೆಯಾಗುವ ದಡದ ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 2.4 ಲೀಟರ್ ಹೊರಗಾಳಿ ಬೇಕು ಎನ್ನುವುದು ಆಶ್ರೇ ಮಾನದಂಡ. ಗಾಳಿ ಎಳೆಯುವ ಬಾಯಿಗಳಲ್ಲಿ ಕೆಲವಾದರೂ ನೀರಿನ ಮಟ್ಟಕ್ಕೆ ಹತ್ತಿರ ಇರಬೇಕು. ಒಳಬಿಡುವುದಕ್ಕಿಂತ ತುಸು ಹೆಚ್ಚು ಗಾಳಿಯನ್ನು ಹೊರಹಾಕಿದರೆ ಘಾಟು ಪಕ್ಕದ ಕೋಣೆಗಳಿಗೆ ನುಗ್ಗುವುದಿಲ್ಲ. ಇವೆಲ್ಲಕ್ಕಿಂತ ಅಗ್ಗದ ಪರಿಹಾರ ಕೊಳಕ್ಕಿಳಿಯುವ ಮುನ್ನ ಮೈ ತೊಳೆದುಕೊಳ್ಳುವುದು. ಈ ಶಿಸ್ತನ್ನು ಕಟ್ಟುನಿಟ್ಟಾಗಿ ಪಾಲಿಸುವ ಕೊಳದಲ್ಲಿ ಘಾಟು ಹುಟ್ಟುವುದೇ ಕಡಿಮೆ.

ತಪ್ಪು ಕಲ್ಪನೆ 7: ರಾತ್ರಿ ಎಲ್ಲ ಸ್ವಿಚ್ ಆರಿಸಿದರೆ ಉಳಿತಾಯ, ಸ್ಟೇನ್‌ಲೆಸ್ ಸ್ಟೀಲಿಗೆ ತೇವದಿಂದ ಏನೂ ಆಗದು

ಸತ್ಯ: ರಾತ್ರಿಯೂ ಕೊಳ ಆವಿ ಬಿಡುತ್ತಿರುತ್ತದೆ. ಯಂತ್ರ ನಿಂತರೆ ಗಾಳಿ ತಣಿದು ಇಬ್ಬನಿ ಬಿಂದು ಮುಟ್ಟಿ, ಆ ತೇವ ಕ್ಲೋರೈಡ್ ಸಮೇತ ಚಾವಣಿಯ ಮೇಲೆ ಕೂರುತ್ತದೆ. ಸ್ವಿಟ್ಜರ್ಲೆಂಡ್‌ನ ಊಸ್ಟರ್ ಪಟ್ಟಣದ ಒಳಾಂಗಣ ಈಜುಕೊಳ ಶುರುವಾದದ್ದು 1972ರಲ್ಲಿ. 1985ರ ಮೇ 9ರಂದು ಅದರ ಕಾಂಕ್ರೀಟ್ ತೂಗುಚಾವಣಿ ಕುಸಿದು 12 ಮಂದಿ ಸತ್ತರು. ಚಾವಣಿಯನ್ನು ಹಿಡಿದಿದ್ದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳು ಈಜುಕೊಳದ ಗಾಳಿಯಲ್ಲಿನ ಕ್ಲೋರೈಡ್‌ನಿಂದ ಒಳಗೊಳಗೇ ಬಿರುಕು ಬಿಟ್ಟಿದ್ದವು. ನೀರು ಎರಚದ, ಯಾರೂ ತೊಳೆಯದ ಎತ್ತರದ ಜಾಗಗಳಲ್ಲೇ ಈ ಬಗೆಯ ಸವೆತ ಹೆಚ್ಚು. ಹಾಗಾಗಿ ಚಾವಣಿಯ ಮೇಲಿನ ಜಾಗದ ನಿಯಮಿತ ತಪಾಸಣೆ ಕಡ್ಡಾಯವಾಗಬೇಕು.

ರಾತ್ರಿ ಉಳಿಸಲು ಸರಿಯಾದ ಮಾರ್ಗ ಬೇರೆ ಇದೆ. ಕೊನೆಯ ಈಜುಗಾರ ಹೊರಟ ಮೇಲೆ ನೀರಿಗೆ ಹೊದಿಕೆ ಎಳೆಯಬೇಕು. ಹೊದಿಕೆಯೊಂದೇ ಕೊಳ ಕಾಯಿಸುವ ಖರ್ಚನ್ನು ಶೇ 50ರಿಂದ 70ರಷ್ಟು ಇಳಿಸಬಲ್ಲದು ಎಂದು ಅಮೆರಿಕದ ಇಂಧನ ಇಲಾಖೆ ಅಂದಾಜಿಸಿದೆ. ಹೊರಗಾಳಿಯನ್ನು ತಗ್ಗಿಸಿ ಫ್ಯಾನುಗಳನ್ನು ನಿಧಾನಗೊಳಿಸಬಹುದು. ವೇಗವನ್ನು ಶೇ 80ಕ್ಕೆ ಇಳಿಸಿದರೆ ಫ್ಯಾನು ತೆಗೆದುಕೊಳ್ಳುವ ವಿದ್ಯುತ್ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆದರೆ ತೇವಾಂಶದ ಮೇಲಿನ ಕಾವಲನ್ನು ಮಾತ್ರ ಬಿಡಬಾರದು.

ಯಾವುದು ಮೊದಲು?

ಈ ಏಳಕ್ಕೂ ಬೇರು ಒಂದೇ. ಗಾಳಿಯನ್ನು, ನೀರನ್ನು, ಕಟ್ಟಡವನ್ನು ಮೂರು ಬೇರೆ ಬೇರೆ ಗುತ್ತಿಗೆಗಳಾಗಿ ನೋಡುತ್ತೇವೆ, ಮೂರನ್ನೂ ಕಟ್ಟಿಹಾಕಿರುವ ಆವಿಯನ್ನು ಮರೆಯುತ್ತೇವೆ. ಆದ್ದರಿಂದ ದುಡ್ಡು ಹಾಕುವ ಕ್ರಮವೂ ಆವಿಯನ್ನೇ ಅನುಸರಿಸಬೇಕು. ಮೊದಲು ಆವಿ ಏಳದಂತೆ ನೋಡಿಕೊಳ್ಳಬೇಕು: ಹೊದಿಕೆ, ಗಾಳಿ–ನೀರಿನ ಸರಿಯಾದ ಉಷ್ಣತೆ, ನೀರಿನ ಮೇಲೆ ನೇರ ಫ್ಯಾನ್ ಬೀಸದಿರುವುದು. ಎರಡನೆಯದು ಎದ್ದ ಆವಿ ಗೋಡೆಗೆ ತಾಗಿ ನೀರಾಗದಂತೆ ಕಟ್ಟಡವನ್ನು ಬೆಚ್ಚಗಿಡುವುದು. ಮೂರನೆಯದು ಆವಿಯಿಂದ ಶಾಖ ಮರಳಿ ಪಡೆಯುವ ಯಂತ್ರ. ಮೊದಲೆರಡನ್ನು ಬಿಟ್ಟು ಮೂರನೆಯದನ್ನು ಕೊಂಡವರು ಬೇಕಾದುದಕ್ಕಿಂತ ದೊಡ್ಡ ಯಂತ್ರ ಕೊಂಡು, ಅದು ಇರುವಷ್ಟು ಕಾಲವೂ ದೊಡ್ಡ ಬಿಲ್ ಕಟ್ಟುತ್ತಾರೆ.

ಈಗಾಗಲೇ ಕೊಳ ನಡೆಸುತ್ತಿರುವವರು ನಾಳೆಯೇ ಮಾಡಬಹುದಾದ ಕೆಲಸವೊಂದಿದೆ. ನೀರಿನ ಉಷ್ಣತೆ, ಗಾಳಿಯ ಉಷ್ಣತೆ, ತೇವಾಂಶ, ಈ ಮೂರನ್ನೂ ಬೆಳಿಗ್ಗೆ ಸಂಜೆ ಒಂದು ಪುಸ್ತಕದಲ್ಲಿ ಬರೆದಿಡಲಿ, ಪಕ್ಕದಲ್ಲೇ ವಿದ್ಯುತ್ ಮೀಟರಿನ ಅಂಕಿಯನ್ನೂ ಬರೆಯಲಿ. ಹೊಸ ಕೊಳ ಕಟ್ಟಿಸುವವರು ವಿನ್ಯಾಸಕಾರರನ್ನು ಮೊದಲು ಕೇಳಲಿ: ಗಂಟೆಗೆ ಎಷ್ಟು ಲೀಟರ್ ಆವಿಯಾಗುತ್ತದೆ, ನಮ್ಮೂರಿನ ಮಳೆಗಾಲದಲ್ಲಿ ಅದು ಎಲ್ಲಿಗೆ ಹೋಗುತ್ತದೆ, ಅದರ ಶಾಖ ಯಾರಿಗೆ ಮರಳುತ್ತದೆ? ಈ ಮೂರಕ್ಕೂ ಅಂಕಿ ಸಮೇತ ಉತ್ತರ ಸಿಗುವ ತನಕ ನಕ್ಷೆಗೆ ಸಹಿ ಹಾಕಬಾರದು.