ಮೈಸೂರಿನ ಬಿರುದು, ಬರೋಡಾದ ಗಾಯನಶಾಲೆ

ಮಕರಪುರ ಎಂದರೆ ಇಂದಿನ ವಡೋದರದವರಿಗೆ ಮೊದಲು ನೆನಪಾಗುವುದು ಕಾರ್ಖಾನೆಗಳು. ಆದರೆ ಅಲ್ಲೇ ಒಂದು ಅರಮನೆಯೂ ಇದೆ. 1870ರಲ್ಲಿ, ಊರನ್ನು ಬರೋಡಾ ಎನ್ನುತ್ತಿದ್ದ ಕಾಲದಲ್ಲಿ, ಮಹಾರಾಜ ಖಂಡೇರಾವ್ ಗಾಯಕವಾಡರು ಬೇಸಿಗೆಯ ವಾಸಕ್ಕೆಂದು ಕಟ್ಟಿಸಿದ್ದು. ಮುಂದೆ ಮಹಾರಾಜ ಸಯಾಜಿರಾವ್ ಕಾಲದಲ್ಲಿ ರಾಬರ್ಟ್ ಚಿಸಂ ಎಂಬ ವಾಸ್ತುಶಿಲ್ಪಿ ಅದನ್ನು ಇಟಲಿಯ ಶೈಲಿಯಲ್ಲಿ ವಿಸ್ತರಿಸಿದ. ಈಗ ಅದು ವಾಯುಪಡೆಯ ತರಬೇತಿ ಶಾಲೆ. ಅರಮನೆ ಶಾಲೆಯಾದದ್ದು ಈ ಊರಿನ ಸ್ವಭಾವಕ್ಕೆ ಒಪ್ಪುವಂಥದ್ದೇ. ದರ್ಬಾರಿನೊಳಗೆ ಕುಳಿತಿದ್ದ ಕಲೆಗಳನ್ನು ಪಾಠದ ಕೋಣೆಗೆ ಕರೆತಂದದ್ದು ವಡೋದರದ ದೊಡ್ಡ ಸಾಧನೆ. ಅದರಲ್ಲಿ ಕನ್ನಡ ನಾಡಿನ ಪಾಲೂ ಇದೆ.

ಸಯಾಜಿರಾವ್ ಹುಟ್ಟಿದ್ದು ನಾಸಿಕ ಜಿಲ್ಲೆಯ ಕವಳಾಣೆ ಎಂಬ ಹಳ್ಳಿಯ ರೈತ ಮನೆಯಲ್ಲಿ. 1875ರಲ್ಲಿ ದತ್ತು ಹೋಗಿ ಪಟ್ಟವೇರಿದಾಗ ಹನ್ನೆರಡರ ಹುಡುಗ. ಓದಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. 1906ರಲ್ಲಿ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1886ರಲ್ಲಿ, ಉಸ್ತಾದ್ ಮೌಲಾ ಬಕ್ಷ್ ಅವರ ಮುಂದಾಳತ್ವದಲ್ಲಿ ಗಾಯನಶಾಲೆ ತೆರೆದಿತ್ತು.

ಈ ಮೌಲಾ ಬಕ್ಷ್ ದಕ್ಷಿಣಕ್ಕೆ ಬಂದು ಕರ್ನಾಟಕ ಸಂಗೀತವನ್ನೂ ಅಭ್ಯಾಸ ಮಾಡಿದ್ದ ಹಿಂದುಸ್ತಾನಿ ಗಾಯಕ, ವೀಣಾವಾದಕ. ಮೈಸೂರು ಆಸ್ಥಾನದಲ್ಲಿ ರಾಜಮರ್ಯಾದೆ ಪಡೆದವರು. ಗುರುವಿನ ಮನೆಯಲ್ಲಿದ್ದು, ಸೇವೆ ಮಾಡಿ, ಬಾಯಿಂದ ಬಾಯಿಗೆ ಕಲಿಯುವುದೇ ಪದ್ಧತಿಯಾಗಿದ್ದ ಕಾಲದಲ್ಲಿ ಅವರು ಸ್ವರಲಿಪಿ ರೂಪಿಸಿ, ಪಾಠಪುಸ್ತಕ ಅಚ್ಚು ಹಾಕಿಸಿದರು. ಮನೆತನದ ಗುಟ್ಟಾಗಿದ್ದ ವಿದ್ಯೆಯನ್ನು ಹೀಗೆ ಕಾಗದದ ಮೇಲಿಡುವುದಕ್ಕೆ ಎದೆಗಾರಿಕೆ ಬೇಕು. ಪಾಶ್ಚಾತ್ಯ ಜಗತ್ತಿಗೆ ಸೂಫಿ ಚಿಂತನೆಯನ್ನು ಒಯ್ದ ಇನಾಯತ್ ಖಾನ್ ಇವರ ಮೊಮ್ಮಗ. 1882ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಆ ಗಾಯನಶಾಲೆ ಈಗ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗವಾಗಿ ಮುಂದುವರಿದಿದೆ.

ಮೈಸೂರಿನ ನಂಟು ಇಷ್ಟಕ್ಕೇ ನಿಲ್ಲಲಿಲ್ಲ. ಆಗ್ರಾ ಘರಾಣೆಯ ಫೈಯಾಜ್ ಖಾನ್ ಬರೋಡಾದ ಆಸ್ಥಾನ ಗಾಯಕರೆಂದೇ ಪ್ರಸಿದ್ಧರು. ಅವರ ಹೆಸರಿನ ಜೊತೆ ಸದಾ ಬರುವ ‘ಆಫ್ತಾಬ್-ಎ-ಮೌಸಿಕಿ’, ಅಂದರೆ ಸಂಗೀತ ಸೂರ್ಯ ಎಂಬ ಬಿರುದನ್ನು ಕೊಟ್ಟದ್ದು ಮೈಸೂರು ದರ್ಬಾರು. ಚಿತ್ರಕಲೆಯಲ್ಲೂ ಹೀಗೆಯೇ. ರಾಜಾ ರವಿವರ್ಮ ಬರೋಡಾದ ಲಕ್ಷ್ಮೀವಿಲಾಸ ಅರಮನೆಗಾಗಿ ಪುರಾಣದ ಕಥೆಗಳ ಸರಣಿಯೊಂದನ್ನು ಬರೆದ. ತನ್ನ ಕೊನೆಯ ವರ್ಷಗಳಲ್ಲಿ ಅಂಥದೇ ಸರಣಿಯನ್ನು ಮೈಸೂರಿನವರಿಗೂ ಬರೆದುಕೊಟ್ಟ. ಜಗನ್ಮೋಹನ ಅರಮನೆಯಲ್ಲಿ ಅವನ ಚಿತ್ರಗಳನ್ನು ನೋಡಿ ಬೆಳೆದವರು ವಡೋದರದ ಫತೇಸಿಂಗ್ ವಸ್ತುಸಂಗ್ರಹಾಲಯಕ್ಕೆ ಹೋದರೆ ಹಳೆಯ ಪರಿಚಯದವರೇ ಎದುರಾಗುತ್ತಾರೆ.

ಬರೋಡಾ ನಮಗೆ ಕೊಟ್ಟದ್ದೂ ಕಡಿಮೆಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಹಾಡುತ್ತಿದ್ದ ಕಿರಾಣಾದ ಯುವಕ ಅಬ್ದುಲ್ ಕರೀಂ ಖಾನ್, ಆಸ್ಥಾನದ ಸರದಾರ ಮನೆತನದ ತಾರಾಬಾಯಿ ಮಾನೆಯವರನ್ನು ಪ್ರೀತಿಸಿ, ವಿರೋಧ ಎದುರಾದಾಗ ಜೊತೆಯಾಗಿ ಊರು ಬಿಟ್ಟರು. ಕಡೆಗೆ ನೆಲೆ ನಿಂತದ್ದು ಮಿರಜಿನಲ್ಲಿ. ಅಲ್ಲಿಂದ ಹುಬ್ಬಳ್ಳಿ, ಧಾರವಾಡ, ಕುಂದಗೋಳ ಎಷ್ಟು ದೂರ? ಕುಂದಗೋಳದ ರಾಮಭಾವು ಕರೀಂ ಖಾನರ ಶಿಷ್ಯರಾಗಿ ಸವಾಯಿ ಗಂಧರ್ವರಾದರು. ಸವಾಯಿ ಗಂಧರ್ವರ ಬಳಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಬರೋಡಾ ಒಂದು ಮದುವೆಯನ್ನು ಒಪ್ಪಿಕೊಂಡಿದ್ದರೆ ಉತ್ತರ ಕರ್ನಾಟಕದ ಸಂಗೀತದ ಕಥೆ ಬೇರೆಯೇ ಆಗುತ್ತಿತ್ತೇನೋ. ಊರು ಬಿಟ್ಟರೂ ಹೆಸರು ಬಿಡಲಿಲ್ಲ: ಅವರ ಮಗಳು ನಾಡಿಗೆಲ್ಲ ಪರಿಚಿತಳಾದದ್ದು ಹೀರಾಬಾಯಿ ಬಡೋದೇಕರ್ ಎಂದು.

ಇನ್ನೊಂದು ಋಣವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬರೋಡಾದ ಪ್ರಾಚ್ಯ ಗ್ರಂಥಮಾಲೆ 1916ರಲ್ಲಿ ರಾಜಶೇಖರನ ‘ಕಾವ್ಯಮೀಮಾಂಸೆ’ಯೊಂದಿಗೆ ಶುರುವಾಯಿತು. ಅದೇ ಮಾಲೆಯಲ್ಲಿ 1925ರಲ್ಲಿ ಬಂದದ್ದು ‘ಮಾನಸೋಲ್ಲಾಸ’ದ ಮೊದಲ ಸಂಪುಟ. ಬರೆಸಿದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಅವನ ರಾಜಧಾನಿ ನಮ್ಮ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಅಡುಗೆ, ಆನೆ, ಆಟ, ಹಾಡು ಎಲ್ಲವೂ ಇರುವ ಈ ಹನ್ನೆರಡನೆಯ ಶತಮಾನದ ಗ್ರಂಥ, ಭಿತ್ತಿಚಿತ್ರ ಬರೆಯುವವನಿಗೆ ಗೋಡೆ ಹದ ಮಾಡುವುದನ್ನೂ ಹೇಳಿಕೊಡುತ್ತದೆ. ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಬೇಯಿಸಬೇಕು. ಕಡ್ಡಿಗಳಾಗಿ ಮಾಡಿ ಬಿಸಿಲಿಗೆ ಒಣಗಿಸಬೇಕು. ಬೇಕಾದಾಗ ಬಿಸಿನೀರಲ್ಲಿ ಕರಗಿಸಿ, ಬಿಳಿಮಣ್ಣು ಬೆರೆಸಿ ಗೋಡೆಗೆ ಮೂರು ಸಲ ಬಳಿಯಬೇಕು. ಇದೇ ವಜ್ರಲೇಪ. ನಮ್ಮ ದೊರೆಯ ಕಾಲದ ಈ ಕುಶಲವಿದ್ಯೆ ಇಂದು ಓದಲು ಸಿಗುವುದರಲ್ಲಿ ಗುಜರಾತಿನ ಅಚ್ಚುಕೂಟದ ಉಪಕಾರ ದೊಡ್ಡದು.

ಬರೋಡಾದಲ್ಲೇ ಗಾಯಕವಾಡ ಮನೆತನದ ಸ್ಮಾರಕವಾದ ಕೀರ್ತಿಮಂದಿರಕ್ಕೆ ಚಿತ್ರಕಾರ ನಂದಲಾಲ್ ಬೋಸ್ ಬಂದು ಗಂಗಾವತರಣ, ಮೀರಾ ಜೀವನ, ಮಹಾಭಾರತದ ಭಿತ್ತಿಚಿತ್ರಗಳನ್ನು ಬರೆದರು. 1950ರಲ್ಲಿ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ ಆರಂಭವಾಯಿತು. ಎನ್.ಎಸ್. ಬೇಂದ್ರೆ, ಶಂಖೋ ಚೌಧುರಿ, ಕೆ.ಜಿ. ಸುಬ್ರಮಣ್ಯನ್ ಅವರಂಥವರು ಅಲ್ಲಿ ಪಾಠ ಹೇಳಿದರು. ಬೆಂಗಳೂರಿನ ಎನ್. ಪುಷ್ಪಮಾಲಾ ಶಿಲ್ಪಕಲೆ ಕಲಿತದ್ದು ಅಲ್ಲಿಯೇ, ಮೈಸೂರಿನ ಎನ್.ಎಸ್. ಹರ್ಷ 1995ರಲ್ಲಿ ಸ್ನಾತಕೋತ್ತರ ಪದವಿ ಪಡೆದದ್ದೂ ಅಲ್ಲಿಯೇ. ಹರ್ಷ ಮೈಸೂರಿಗೆ ಮರಳಿ, ಅಲ್ಲಿಯೇ ಇದ್ದುಕೊಂಡು ಜಗತ್ತಿನ ದೊಡ್ಡ ಗ್ಯಾಲರಿಗಳಿಗೆ ಚಿತ್ರ ಕಳಿಸುತ್ತಿದ್ದಾರೆ.