ರಕ್ತದೊತ್ತಡದ ಮೂಲ ಮೂತ್ರಪಿಂಡದಲ್ಲಿದ್ದರೆ?

ಬಿ.ಪಿ. ಎಂದರೆ ವಯಸ್ಸಾದವರ, ಚಿಂತೆ ಹಚ್ಚಿಕೊಂಡವರ ಕಾಯಿಲೆ ಎಂಬ ನಂಬಿಕೆ ನಮ್ಮ ಬೀದರ್ ಜಿಲ್ಲೆಯಲ್ಲಿ ಇನ್ನೂ ಗಟ್ಟಿಯಾಗಿರುವುದನ್ನು ನಾನು ಕಾಣುತ್ತಿದ್ದೇನೆ. ಇಪ್ಪತ್ತೈದರ ಹರೆಯದವರಲ್ಲಿ ರಕ್ತದೊತ್ತಡ ಏರಿದರೂ ಉಪ್ಪು ಬಿಡಿ ಎಂಬ ಉಪದೇಶ, ಒಂದು ಮಾತ್ರೆ. ಅಲ್ಲಿಗೆ ವಿಚಾರ ಮುಗಿಯುತ್ತದೆ. ಏಕೆ ಏರಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಉತ್ತರ ಕೆಲವೊಮ್ಮೆ ಮೂತ್ರಪಿಂಡದ ಅಪಧಮನಿಯಲ್ಲಿರುತ್ತದೆ. ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ 1934ರಲ್ಲಿ ನಾಯಿಗಳ ಈ ಅಪಧಮನಿಯನ್ನು ಬಿಗಿದಾಗ ಅವುಗಳ ರಕ್ತದೊತ್ತಡವೇ ಏರಿತು. ರಕ್ತದ ಕೊರತೆ ಕಂಡ ಮೂತ್ರಪಿಂಡ ರೆನಿನ್ ಸ್ರವಿಸುತ್ತದೆ. ಪರಿಣಾಮವಾಗಿ ರಕ್ತನಾಳಗಳು ಸಂಕುಚಿಸುತ್ತವೆ, ದೇಹ ಉಪ್ಪನ್ನು ಹಿಡಿದಿಡುತ್ತದೆ. ನಮ್ಮ ದೇಶದ ಯುವಜನರಲ್ಲಿ ಈ ಅಪಧಮನಿ ಕಿರಿದಾಗಲು ತಕಾಯಾಸು ಎಂಬ ಉರಿಯೂತ ಪ್ರಮುಖ ಕಾರಣ. ಇನ್ನು ಕೆಲವರಲ್ಲಿ ಅಪಧಮನಿಯ ಗೋಡೆ ದುರ್ಬಲಗೊಂಡು ಬಲೂನಿನಂತೆ ಉಬ್ಬುತ್ತದೆ. ಇದೇ ಅನ್ಯೂರಿಸಂ. ಅಪರೂಪದ ಈ ತೊಂದರೆ ಹೆಚ್ಚಾಗಿ ಲಕ್ಷಣ ತೋರದು. ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಕಣ್ಣಿಗೆ ಬೀಳುತ್ತದೆ.

ಎಲ್ಲ ಉಬ್ಬುಗಳಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ತೊಂದರೆ ಕೊಡದ, ಮೂರು ಸೆಂಟಿಮೀಟರ್‌ಗಿಂತ ಚಿಕ್ಕದಾದ ಉಬ್ಬನ್ನು ಸಾಮಾನ್ಯವಾಗಿ ಗಮನಿಸುತ್ತಿದ್ದರೆ ಸಾಕೆಂದು ಅಮೆರಿಕದ ರಕ್ತನಾಳ ಶಸ್ತ್ರಚಿಕಿತ್ಸಕರ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ. ಆದರೆ ಮುಂದೆ ಗರ್ಭಿಣಿಯಾಗಬಹುದಾದ ಮಹಿಳೆಗೆ ಈ ಅಳತೆ ಅನ್ವಯಿಸದು. ಗರ್ಭಾವಸ್ಥೆಯಲ್ಲಿ ಅದು ಒಡೆದರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಅಪಧಮನಿ ಕಿರಿದಾಗಿ, ಔಷಧಕ್ಕೆ ರಕ್ತದೊತ್ತಡ ಬಗ್ಗದಿದ್ದಾಗಲೂ ದುರಸ್ತಿಯನ್ನು ಯೋಚಿಸಬೇಕಾಗುತ್ತದೆ. ಉಬ್ಬನ್ನು ಕತ್ತರಿಸಿ ತೆಗೆದು, ಕಾಲಿನ ಅಭಿಧಮನಿಯ ತುಂಡನ್ನು ಅಲ್ಲಿ ಹೊಲಿಯಬಹುದು. ಕವಲುಗಳು ಜಟಿಲವಾಗಿದ್ದರೆ ಮೂತ್ರಪಿಂಡವನ್ನೇ ಹೊರತೆಗೆದು, ತಂಪಿನಲ್ಲಿಟ್ಟು ಸರಿಪಡಿಸಿ, ಮತ್ತೆ ಅದೇ ರೋಗಿಗೆ ಜೋಡಿಸುವುದುಂಟು. ಆನಂತರ ಅನೇಕರಲ್ಲಿ ರಕ್ತದೊತ್ತಡ ಇಳಿದು ಮಾತ್ರೆಗಳು ಕಡಿಮೆಯಾಗುತ್ತವೆ, ಎಲ್ಲರಲ್ಲೂ ಅಲ್ಲ.

ಇಂತಹ ಶಸ್ತ್ರಚಿಕಿತ್ಸೆ ಭಾಲ್ಕಿಯಲ್ಲೋ ಔರಾದ್‌ನಲ್ಲೋ ನಡೆಯಬೇಕೆಂದು ನಾನು ವಾದಿಸುತ್ತಿಲ್ಲ. ಅದಕ್ಕೆ ಹೈದರಾಬಾದ್, ಬೆಂಗಳೂರಿನಂತಹ ನಗರಗಳ ದೊಡ್ಡ ಆಸ್ಪತ್ರೆಗಳೇ ಬೇಕು. ಆದರೆ ಅಲ್ಲಿಗೆ ಹೋಗುವ ದಾರಿ ಆರಂಭವಾಗುವುದು ತಾಲ್ಲೂಕು ಆಸ್ಪತ್ರೆಯಲ್ಲಿ. ಮೂವತ್ತರೊಳಗಿನವರ ರಕ್ತದೊತ್ತಡ ಏರಿದ್ದರೆ ಎರಡೂ ತೋಳುಗಳಲ್ಲಿ ಅಳೆದು ನೋಡಲಿ. ಅಂತರ ದೊಡ್ಡದಿದ್ದರೆ ಅದು ತಕಾಯಾಸುವಿನ ಸುಳಿವಾಗಿರಬಹುದು. ಮೂರು ಬಗೆಯ ಔಷಧಕ್ಕೂ ಹತೋಟಿಗೆ ಬಾರದವರನ್ನು ಡಾಪ್ಲರ್ ಸ್ಕ್ಯಾನಿಂಗ್‌ಗಾಗಿ ಬೀದರ್‌ಗೆ ಕಳುಹಿಸಲಿ. ಮದುವೆಯಾಗಿ ಬಂದ ಹೆಣ್ಣುಮಗಳ ರಕ್ತದೊತ್ತಡವನ್ನು ಆಕೆ ಗರ್ಭಿಣಿಯಾದ ಮೇಲೆಯೇ ಮೊದಲ ಬಾರಿ ನೋಡುವುದೆಂದರೆ, ತಡವಾಗಿ ನೋಡಿದಂತೆಯೇ.