ಅಜ್ಜನ ಜೀಪಿಗೆ ಮೊಮ್ಮಗನ ಎಂಜಿನ್!

ತಿಂಥಣಿ: ಮೌನೇಶ್ವರನ ದರ್ಶನಕ್ಕೆ ಬರುವವರಿಗೂ, ಕೃಷ್ಣೆ ದಾಟಿ ಲಿಂಗಸುಗೂರು, ಹಟ್ಟಿ ಚಿನ್ನದ ಗಣಿ ಕಡೆ ಹೋಗುವವರಿಗೂ ತಿಂಥಣಿ ಬ್ರಿಜ್ಜೇ ದಾರಿ. ಮಳಿ ಬಿದ್ದರೆ ಅರಗಿನಂತೆ ಅಂಟುವ ಎರಿ ಭೂಮಿಯ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಜೀಪೇ ರಾಜ. ಆ ರಾಜನಿಗೆ ಈಗ ವಯಸ್ಸಾಗಿದೆ. ಹೊರಗಿನ ತಗಡು ಗಟ್ಟಿ, ಒಳಗಿನ ಎಂಜಿನ್ ಮಾತ್ರ ಸುಸ್ತು!

ಮಹೀಂದ್ರ ಕಂಪನಿ ವಿಲ್ಲೀಸ್ ನಮೂನೆಯ ಜೀಪಿಗೆ ಹಾಕುತ್ತಿದ್ದುದು 2.2 ಲೀಟರಿನ ಪೆಟ್ರೋಲ್ ಎಂಜಿನ್. ಎಳೆಯುವುದರಲ್ಲಿ ಎತ್ತು, ಕುಡಿಯುವುದರಲ್ಲಿ ಆನೆ. 1980ರ ದಶಕದಲ್ಲಿ ಪೂಜೋ ಪರವಾನಿಗೆಯ 2112 ಸಿ.ಸಿ. ಡೀಸೆಲ್ ಎಂಜಿನ್ ಬಂದಮೇಲೆ ಹಳೇ ಪೆಟ್ರೋಲ್ ಜೀಪಿನವರಿಗೂ ಆಸೆ ಹುಟ್ಟಿತು. ಹಳೇ ಎಂಜಿನ್ ಇಳಿಸು, ಡೀಸೆಲ್ ಏರಿಸು. ಹೊಲದ ಪಂಪಿಗೂ ಗಿರಣಿಗೂ ಒಂದೇ ಎಂಜಿನ್ ಹೊತ್ತು ತಿರುಗಿದ ನಾಡಿನಲ್ಲಿ ಇದೇನು ಮಹಾ?

ಮಹಾ ಅದ. ಎಂಜಿನ್ ಕೂಡಿಸುವುದು ಅರ್ಧ ಕೆಲಸವೂ ಅಲ್ಲ. ಬೇರೆ ಕಂಪನಿಯ ಎಂಜಿನ್ನಿಗೂ ಹಳೇ ಮೂರು ಗೇರಿನ ಪೆಟ್ಟಿಗೆಗೂ ಬೋಲ್ಟಿನ ತೂತು ಹೊಂದುವುದಿಲ್ಲ. ನಡುವೆ ದಪ್ಪ ಉಕ್ಕಿನ ಪ್ಲೇಟು ಬೇಕು, ಅದನ್ನು ಲೇತಿನಲ್ಲಿ ಕಡೆಯಬೇಕು. ಕ್ರ್ಯಾಂಕಿನ ನಡುವೂ ಗೇರ್ ಶಾಫ್ಟಿನ ನಡುವೂ ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ಕಿರುಗುಟ್ಟುತ್ತದೆ, ಕ್ಲಚ್ಚು ಸವೆಯುತ್ತದೆ. ಡೀಸೆಲ್ ಎಂಜಿನ್ ತೂಕದ್ದು, ನಡುಗುವುದೂ ಜಾಸ್ತಿ. ಮುಂದಿನ ಪಟ್ಟಿ ಸ್ಪ್ರಿಂಗ್ ಕುಗ್ಗುತ್ತದೆ. ಬ್ರೇಕು ಮಾತ್ರ ಅವೇ ಹಳೇ ಡ್ರಮ್ಮು! ಓಟ ಹೆಚ್ಚಿಸಿ ನಿಲ್ಲಿಸುವುದನ್ನು ಮರೆತ ಗಾಡಿಗೆ ಬ್ರಿಜ್ಜಿನ ಇಳಿಜಾರು ಸಾಕಲ್ಲವೇ?

ಈಗಿನ ಎಂಜಿನ್ನಿನ ಕತೆಯೇ ಬೇರೆ. ಅದಕ್ಕೆ ಕಂಪ್ಯೂಟರ್ ಪೆಟ್ಟಿಗೆ, ಹತ್ತಾರು ಸೆನ್ಸರು, ಒಂದು ಮೊಳ ದಪ್ಪದ ವೈರಿನ ಗಂಟು. ಕೆಲವಕ್ಕೆ ಕೀಲಿಕೈಯೊಳಗಿನ ಚಿಪ್ಪು ಹೊಂದದಿದ್ದರೆ ಚಾಲೂ ಆಗುವುದೇ ಇಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ಡೀಸೆಲ್ ಗಾಡಿಗಳಲ್ಲಿ ಹೊಗೆ ಕೊಳವೆಯೂ ಎಂಜಿನ್ನಿನ ಅಂಗವೇ. ಮಸಿ ಹಿಡಿಯುವ ಸೋಸುಕವನ್ನು ಕತ್ತರಿಸಿ ಒಗೆದು ಖಾಲಿ ಪೈಪು ವೆಲ್ಡ್ ಹೊಡೆದರೆ ಆ ಕಂಪ್ಯೂಟರಿಗೆ ಗೊತ್ತಾಗಿಬಿಡುತ್ತದೆ, ದೀಪ ಹತ್ತುತ್ತದೆ, ಎಂಜಿನ್ ಮುನಿಸಿಕೊಂಡು ಎಳೆಯುವುದನ್ನೇ ಕಡಿಮೆ ಮಾಡುತ್ತದೆ. ಇನ್ನು ಪೆಟ್ರೋಲ್ ಗಾಡಿಯ ಪೈಪಿನ ಬಾಯಿ ಹಿಂಬದಿಗೆ ಪೂರಾ ಹಾಯದಿದ್ದರಂತೂ ತಾಡಪತ್ರಿ ಹೊದಿಸಿದ ಜೀಪಿನೊಳಗೆ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನುಗ್ಗುತ್ತದೆ. ಒಳಗೆ ಕೂಸು ಕುನ್ನಿ ಕೂತಿರುತ್ತವೆ ಎಂಬುದು ನೆನಪಿರಲಿ.

ಈ ಹುಚ್ಚು ಹಳ್ಳಿಯವರದ್ದಷ್ಟೇ ಅಲ್ಲ ಬಿಡ್ರಿ. ಬಿಲಾಯತಿಯ ಎಂ.ಜಿ. ಸ್ಪೋರ್ಟ್ಸ್ ಕಾರಿಗೆ ರೋವರಿನ ಮೂರೂವರೆ ಲೀಟರಿನ ಎಂಟು ಸಿಲಿಂಡರು ಏರಿಸಿ 1973ರಲ್ಲಿ ಕಂಪನಿಯೇ ಮಾರಿತು. ಅದಕ್ಕೂ ಮೊದಲು ಒಬ್ಬ ಗ್ಯಾರೇಜಿನವ ಅದನ್ನು ಮಾಡಿ ತೋರಿಸಿದ್ದ! ಆ ಎಂಜಿನ್ ಅಲ್ಯೂಮಿನಿಯಂನದು, ತೂಕ ಹಳೆಯದರಷ್ಟೇ ಇತ್ತು, ಅದಕ್ಕೇ ಗಾಡಿ ಸಮತೋಲ ಕೆಡಲಿಲ್ಲ. ನಮ್ಮ ಅಂಬಾಸಿಡರಿನ 1489 ಸಿ.ಸಿ. ಎಂಜಿನ್ ಸಹ ಎಂ.ಜಿ.ಎ. ಸ್ಪೋರ್ಟ್ಸ್ ಕಾರಿನ ಎಂಜಿನ್ನಿನ ಮನೆತನದ್ದೇ ಎಂದರೆ ಟ್ಯಾಕ್ಸಿಯವರು ನಕ್ಕಾರು. ಅದೇ ಅಂಬಾಸಿಡರಿಗೆ 1990ರ ದಶಕದಲ್ಲಿ ಇಸುಜು ಎಂಜಿನ್ ಬಂತು, ಐದು ಗೇರೂ ಬಂತು. ಆ ಹಳೇ ಎಂ.ಜಿ.ಗಳಿಗೆ ಹೊಸ ಎಂಜಿನ್ ಹಾಕುವವರಿಗೆ ಇನ್ನೊಂದು ಪೇಚು: ಬ್ಯಾಟರಿಯ ಪ್ಲಸ್ ತಂತಿ ಬಾಡಿಗೆ ಕಟ್ಟಿರುತ್ತದೆ. ತಿರುವಿ ಕಟ್ಟದೆ ಹೊಸ ಕಂಪ್ಯೂಟರ್ ಜೋಡಿಸಿದರೆ ಅದು ಸುಟ್ಟು ಕರಕು.

ಮಿಸ್ತ್ರಿಯನ್ನು ದಾಟಿದರೂ ಆರ್.ಟಿ.ಓ. ದಾಟಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿದ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. ಎಂಜಿನ್ ಬದಲಿಸಿದರೆ 14 ದಿನದೊಳಗೆ ಆರ್.ಸಿ. ಸಮೇತ ವರದಿ ಮಾಡಬೇಕು. 2019ರ ತಿದ್ದುಪಡಿ ಬಂದಮೇಲೆ ಕಾನೂನಿಗೆ ಒಗ್ಗದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಬುಕ್ಕಿನಲ್ಲಿ ಒಂದು ನಂಬರು, ಎಂಜಿನ್ ಮೇಲೆ ಇನ್ನೊಂದು ಇದ್ದರೆ ಅಪಘಾತದ ದಿನ ವಿಮೆಯವರು ಮೊದಲು ನೋಡುವುದೇ ಅದನ್ನ.

'ಐವತ್ತು ವರ್ಷದ ಜೀಪು, ವಿಂಟೇಜ್ ಮಾಡಿಸ್ತೀನಿ' ಎನ್ನುವವರೂ ಇದ್ದಾರೆ. 2021ರ ನಿಯಮದಲ್ಲಿ ಅದಕ್ಕೆ ದಾರಿ ಇದೆ: ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಚಾಸಿ, ಬಾಡಿ, ಎಂಜಿನ್ ಯಾವುದರಲ್ಲೂ ಭಾರೀ ಬದಲಾವಣೆ ಆಗಿರಕೂಡದು. ಅಜ್ಜನ ಹಳೇ ಪೆಟ್ರೋಲ್ ಎಂಜಿನ್ ಗುಜರಿಗೆ ಹಾಕಿದವರು ಈಗ ಆ ಗುಜರಿಯಂಗಡಿಯನ್ನೇ ಹುಡುಕಬೇಕು.